ಹೆಡ್‌ಫೋನಿನ ಒಂದು ಬದಿಯಲ್ಲಿ ಧ್ವನಿ ಕಡಿಮೆ: ದೋಷ ಎಲ್ಲಿದೆ?

ಪ್ರಶ್ನೆ: ಹಿಂದೂಸ್ತಾನಿ ಸಂಗೀತ ಕೇಳಲು ನಾನು ಬಳಸುವ ವೈರಿನ ಹೆಡ್‌ಫೋನಿನಲ್ಲಿ ಈಚೆಗೆ ಎಡಬದಿಯ ಧ್ವನಿ ಕುಗ್ಗಿದೆ. ಕೆಲವು ಮುದ್ರಣಗಳಲ್ಲಂತೂ ತಬಲಾ ಬಲಗಿವಿಗೆ ಮಾತ್ರ ಕೇಳುತ್ತದೆ. ರಿಪೇರಿಯಾದೀತೆ, ಹೊಸದನ್ನೇ ಕೊಳ್ಳಬೇಕೆ?
– ಓದುಗರೊಬ್ಬರು, ಮಾಳಮಡ್ಡಿ, ಧಾರವಾಡ

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುವಂತಿದೆ. ತಬಲಾ ಒಂದೇ ಬದಿಗೆ ಕೇಳುವುದು ದೋಷವೇ ಆಗಿರಬೇಕೆಂದಿಲ್ಲ. ಸ್ಟೀರಿಯೊ ಮುದ್ರಣದಲ್ಲಿ ಗಾಯಕರ ಕಂಠವನ್ನು ನಡುವೆ ಇರಿಸಿ, ವೇದಿಕೆಯ ಮೇಲೆ ಕುಳಿತಂತೆಯೇ ತಬಲಾವನ್ನು ಒಂದು ಬದಿಗೂ ಹಾರ್ಮೋನಿಯಂ ಅಥವಾ ಸಾರಂಗಿಯನ್ನು ಇನ್ನೊಂದು ಬದಿಗೂ ಹಂಚುವುದುಂಟು. ಅಂಥ ಮುದ್ರಣದಿಂದ ಹೆಡ್‌ಫೋನನ್ನು ಪರೀಕ್ಷಿಸಲಾಗದು. ಮಲ್ಲಿಕಾರ್ಜುನ ಮನ್ಸೂರ ಅಥವಾ ಗಂಗೂಬಾಯಿ ಹಾನಗಲ್ ಅವರ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳ ಕಾಲದ ಗಾಯನವನ್ನು ಹಾಕಿ ಕೇಳಿ. ಅವು ಮೊನೊ ಮುದ್ರಣಗಳಾದ್ದರಿಂದ ಎರಡೂ ಕಿವಿಗೆ ಒಂದೇ ಸಂಕೇತ ಹೋಗುತ್ತದೆ. ಹೆಡ್‌ಫೋನ್ ಸರಿಯಿದ್ದರೆ ಕಂಠ ತಲೆಯ ನಟ್ಟನಡುವೆ ನಿಂತಂತೆ ಕೇಳಬೇಕು. ಕ್ಯಾಸೆಟ್ಟಿನಿಂದ ಮನೆಯಲ್ಲೇ ಇಳಿಸಿದ ಪ್ರತಿಗಳಲ್ಲಿ ಒಂದು ಬದಿ ಮೊದಲೇ ಕುಗ್ಗಿರಬಹುದು, ಆದ್ದರಿಂದ ಎರಡು ಮೂರು ಮುದ್ರಣಗಳನ್ನು ಕೇಳಿದ ಮೇಲೆ ನಿರ್ಧರಿಸಿ.

ಕಂಠ ಬಲಕ್ಕೆ ವಾಲಿದರೆ ಹೆಡ್‌ಫೋನನ್ನು ಅದಲುಬದಲು ಮಾಡಿ ಹಾಕಿಕೊಳ್ಳಿ. ಆಗಲೂ ಎಡಗಿವಿಗೇ ಕಡಿಮೆ ಕೇಳಿದರೆ ತೊಂದರೆ ಇರುವುದು ಕಿವಿಯಲ್ಲಿ. ಗುಗ್ಗೆ ಕಟ್ಟಿರುವುದು ಸಾಮಾನ್ಯ ಕಾರಣ. ಹೇರ್‌ಪಿನ್ನು, ಬೆಂಕಿಕಡ್ಡಿ ಹಾಕಿ ಕೆದಕದೆ ಕಿವಿ-ಮೂಗು-ಗಂಟಲು ವೈದ್ಯರಿಂದ ತೆಗೆಸಿಕೊಳ್ಳಿ. ಒಂದೇ ಕಿವಿ ಹಠಾತ್ತನೆ ಮಂದವಾಗಿದ್ದರೆ ಮಾತ್ರ ದಯವಿಟ್ಟು ಒಂದು ದಿನವೂ ತಡಮಾಡಬೇಡಿ. ಒಳಗಿವಿಗೆ ಸಂಬಂಧಿಸಿದ ತೊಂದರೆಯಾಗಿದ್ದಲ್ಲಿ ಚಿಕಿತ್ಸೆ ಎಷ್ಟು ಬೇಗ ಆರಂಭವಾಗುವುದೋ ಶ್ರವಣಶಕ್ತಿ ಮರಳುವ ಸಾಧ್ಯತೆಯೂ ಅಷ್ಟು ಹೆಚ್ಚು.

ಕುಗ್ಗಿದ ಧ್ವನಿ ಬಲಗಿವಿಗೆ ಬಂದರೆ ಕಿವಿ ಸರಿಯಿದೆ ಎಂದಾಯಿತು. ಈಗ ಬೇರೊಂದು ಫೋನಿಗೆ ಹಾಕಿ ನೋಡಿ. ಅಲ್ಲಿ ಎರಡೂ ಬದಿ ಸಮನಾಗಿ ಕೇಳಿದರೆ ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ವಿಭಾಗವನ್ನು ತೆರೆದು, ಆಡಿಯೊ ಬ್ಯಾಲೆನ್ಸ್ ಗುಂಡಿ ನಡುವಿನಿಂದ ಸರಿದಿದೆಯೇ ಎಂದು ನೋಡಿ. ಅದು ಸರಿಯಿದ್ದರೆ ಫೋನನ್ನು ಆಫ್ ಮಾಡಿ, ಪಿನ್ ಕೂರುವ ತೂತಿನಲ್ಲಿ ಸೇರಿಕೊಂಡ ಜೇಬಿನ ನೂಲಿನ ಹಿಂಜನ್ನು ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ, ಸೂಜಿ ಬೇಡ.

ಎಲ್ಲ ಫೋನಿನಲ್ಲೂ ಅದೇ ಬದಿ ಕುಗ್ಗಿದರೆ ಮೊದಲು ಅನುಮಾನಿಸಬೇಕಾದದ್ದು ವೈರನ್ನು, ಅದರಲ್ಲೂ ಪಿನ್ನಿನ ಬುಡವನ್ನು. 3.5 ಮಿ.ಮೀ. ಪಿನ್ನಿನ ತುದಿ ಎಡಬದಿಯ ಸಂಕೇತವನ್ನೂ ಅದರ ಹಿಂದಿನ ಬಳೆ ಬಲಬದಿಯದನ್ನೂ ಒಯ್ಯುತ್ತವೆ. ಮರಳುವ ದಾರಿಯಾದ ಗ್ರೌಂಡ್ ಎರಡಕ್ಕೂ ಸೇರಿದ್ದು. ಹಾಡು ನಡೆಯುತ್ತಿರುವಾಗ ಬುಡದಲ್ಲಿ ವೈರನ್ನು ನಿಧಾನವಾಗಿ ಬಾಗಿಸಿ. ಕರಕರ ಸದ್ದಾಗಿ ಎಡಬದಿ ಬಂದು ಹೋಗುತ್ತಿದ್ದರೆ ಅಲ್ಲೇ ಎಳೆ ತುಂಡಾಗಿದೆ. ಗ್ರೌಂಡ್ ತುಂಡಾದರೆ ಲಕ್ಷಣ ವಿಚಿತ್ರವಾಗಿರುತ್ತದೆ: ಸ್ಟೀರಿಯೊ ಮುದ್ರಣದಲ್ಲಿ ನಡುವಿನ ಕಂಠವೇ ಮಾಯವಾಗಿ ಬದಿಯ ವಾದ್ಯಗಳು ಮಾತ್ರ ಟೊಳ್ಳಾಗಿ ಕೇಳುತ್ತವೆ, ಹಳೆಯ ಮೊನೊ ಮುದ್ರಣವಂತೂ ಹೆಚ್ಚುಕಡಿಮೆ ನಿಶ್ಶಬ್ದವಾಗುತ್ತದೆ. ಎರಡೂ ಬದಿಯ ಸಂಕೇತಗಳ ವ್ಯತ್ಯಾಸವಷ್ಟೇ ಆಗ ಕಿವಿಗೆ ಮುಟ್ಟುವುದರಿಂದ ಹೀಗಾಗುತ್ತದೆ.

ಇನ್ನು ಕಂಠ ಸಮನಾಗಿದ್ದು ಎಡಬದಿಯಲ್ಲಿ ಡಗ್ಗಾದ (ತಬಲಾ ಜೋಡಿಯ ದಪ್ಪ ನಾದದ ವಾದ್ಯ) ಗುಂಕಾರ ಮಾತ್ರ ಸೊರಗಿದ್ದರೆ ಆ ಬದಿಯ ಕುಶನ್ ನೋಡಿ. ಚರ್ಮದಂಥ ಹೊದಿಕೆ ಸಿಪ್ಪೆಯೆದ್ದು, ಇಲ್ಲವೇ ಕನ್ನಡಕದ ಕಡ್ಡಿ ಅಡ್ಡ ಬಂದು ಸಂದು ಬಿಟ್ಟರೆ ಮೊದಲು ಸೋರಿಹೋಗುವುದು ಮಂದ್ರದ ನಾದ. ಕುಶನ್ ಬದಲಿಸಿದರೆ ಸಾಕು.

ವೈರಿನ ದೋಷಕ್ಕಾಗಿ ಹೊಸ ಹೆಡ್‌ಫೋನ್ ಕೊಳ್ಳಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ವೈರು ಬಿಚ್ಚಿಕೊಳ್ಳುವಂಥದಾದರೆ ಅದನ್ನಷ್ಟೇ ಬದಲಿಸಿ. ಇಲ್ಲವಾದರೆ ಮುರಿದ ಜಾಗದಿಂದ ಒಂದೆರಡು ಇಂಚು ಈಚೆಗೆ ವೈರನ್ನು ಕತ್ತರಿಸಿ ಹೊಸ ಪಿನ್ ಬೆಸೆಯಲು ಹುಬ್ಬಳ್ಳಿ-ಧಾರವಾಡದ ರಿಪೇರಿ ಅಂಗಡಿಗಳಲ್ಲಿ ಕೇಳಿ. ಒಳಗಿನ ಕೆಂಪು, ಹಸಿರು ಎಳೆಗಳಿಗೆ ಬಣ್ಣದ ತೆಳು ಲೇಪವಿರುತ್ತದೆ. ಅದನ್ನು ಕಾಯಿಸಿ ಸುಡದೆ ಬೆಸೆದರೆ ಬೆಸುಗೆ ಕಚ್ಚುವುದಿಲ್ಲ, ಕೆಲವೇ ದಿನಗಳಲ್ಲಿ ಅದೇ ತೊಂದರೆ ಮರುಕಳಿಸುತ್ತದೆ. ಬಟ್ಟಲಿನೊಳಗಿನ ಸ್ಪೀಕರೇ ಹೋಗಿದ್ದರೆ ಅದೇ ಮಾದರಿಯದು ಸಿಗುವಾಗ ಮಾತ್ರ ಹಾಕಿಸಿ, ಸಾಧ್ಯವಾದರೆ ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿ. ಬೇರೆ ಮಾದರಿಯ ಸ್ಪೀಕರನ್ನು ಒಂದೇ ಬದಿಗೆ ಕೂರಿಸಿದರೆ ಕಂಠ ಮತ್ತೆ ನಡುವಿಗೆ ಬರುವುದು ಕಷ್ಟ.