ಪ್ರತಿಕ್ರಿಯೆ: ‘ಆರ್ಟ್’ ನಾಟಕ ಅರ್ಧಕ್ಕೇ ಸಪ್ಪೆಯಾಗುತ್ತಿದೆ
ನಿಮ್ಮ ಮಾರ್ಕ್ ಪಾತ್ರಧಾರಿ ಬಹುಶಃ ಗೆಳೆಯ ಸೆರ್ಜ್ ಕೊಂಡು ತಂದ ಪೇಂಟಿಂಗ್ ಮೇಲೆ ಸಿಟ್ಟಾಗುತ್ತಿದ್ದಾನೆ. ಸಿಟ್ಟು ಇರಬೇಕಾದದ್ದು ಸೆರ್ಜ್ ಮೇಲೆ. ಮೊದಮೊದಲು ನಗುವ ಜನ ಆಮೇಲೆ ಮೊಬೈಲ್ ತೆಗೆಯುತ್ತಾರೆ ಅಂದಿದ್ದೀರಲ್ವಾ, ನಿಮ್ಮ ರಿಹರ್ಸಲ್ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಕಾರಣ ಹೆಚ್ಚಾಗಿ ಇದೇ. ಫ್ರೆಂಚ್ ನಾಟಕಕಾರ್ತಿ ಯಾಸ್ಮಿನಾ ರೆಜಾ ಬರೆದ, 1994ರಲ್ಲಿ ಪ್ಯಾರಿಸ್‌ನಲ್ಲಿ ರಂಗಕ್ಕೆ ಬಂದ ಈ ನಾಟಕ ಆಧುನಿಕ ಕಲೆಯ ಚರ್ಚಾಸ್ಪರ್ಧೆ ಅಲ್ಲ. ಸೆರ್ಜ್ ಎರಡು ಲಕ್ಷ ಫ್ರಾಂಕ್ ಕೊಟ್ಟು ತಂದ ಬಿಳಿ ಚಿತ್ರ ಬರೀ ನೆಪ. ತನ್ನನ್ನು ಗುರು ಥರ ನೋಡುತ್ತಿದ್ದ ಗೆಳೆಯ ಕೈತಪ್ಪಿದ ಅನ್ನೋದೇ ಮಾರ್ಕ್‌ನ ಸಂಕಟ.

ಮೊದಲು ಕ್ಯಾನ್ವಾಸ್ ಇಲ್ಲದೆ ಒಂದು ರಿಹರ್ಸಲ್ ಮಾಡಿ. ಮಾರ್ಕ್ ಸೆರ್ಜ್‌ನ ಮುಖವನ್ನೇ ನೋಡಿ ಮಾತಾಡಲಿ. ಆಮೇಲೆ ಮೂರನೇ ಗೆಳೆಯ ಇವಾನ್ ತನ್ನ ಮದುವೆ ಕಾಗದದ ಬಗ್ಗೆ ಆಡುವ ಉದ್ದ ಮಾತು: ದಯವಿಟ್ಟು ಕತ್ತರಿಸಬೇಡಿ, ಒಂದೇ ಉಸಿರಿನ ವೇಗದಲ್ಲಿ ಓಡಲಿ. ಇಬ್ಬರ ನಡುವೆ ಸಿಕ್ಕಿಬಿದ್ದವನ ಪಾಡು ಅಲ್ಲೇ ತಿಳಿಯೋದು. ಕೊನೆಗೆ ಕ್ಯಾನ್ವಾಸ್ ವಾಪಸ್ ತನ್ನಿ.

ಮಾರ್ಕ್ ಆ ಬಿಳಿ ಚಿತ್ರದ ಮೇಲೆ ಫೆಲ್ಟ್ ಪೆನ್ನಿನಲ್ಲಿ ಸ್ಕೀ ಮಾಡುವವನನ್ನು ಬರೆಯುವಾಗ ಅವಸರ ಬೇಡ. ಪೆನ್ನು ಎಳೆಯುವ ಸದ್ದು ಕೇಳಿಸಬೇಕು. ಆ ಪೆನ್ನು ಕೊಡುವವನೇ ಸೆರ್ಜ್. ಶಾಯಿ ತೊಳೆದರೆ ಹೋಗುತ್ತದೆ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಅದನ್ನು ಮುಖದಲ್ಲಿ ಜಾಸ್ತಿ ತೋರಿಸಬೇಡಿ. ನಿಮ್ಮ ಕ್ಯಾನ್ವಾಸಿನ ಬಣ್ಣದ ಮೇಲಿಂದ ಶಾಯಿ ನಿಜಕ್ಕೂ ಹೋಗುತ್ತದಾ ಅಂತ ಮಾತ್ರ ಇವತ್ತೇ ಅದೇ ಬಣ್ಣ ಬಳಿದ ಒಂದು ತುಂಡು ಬಟ್ಟೆಯಲ್ಲಿ ನೋಡಿಕೊಳ್ಳಿ.