ಬಿಸಿಲಿಗೆ ಮ್ಯಾಚ್ ನಿಲ್ಲುತ್ತಾ? ಓದುಗರು ಕೇಳಿದ್ದು, ನಾವು ಹೇಳಿದ್ದು

ಹೋದ ಸಂಚಿಕೇಲಿ 2019ರ ಜನವರಿ-ಫೆಬ್ರವರಿಯಲ್ಲಿ ನಮ್ಮ ಕ್ರಿಕೆಟ್ ಟೀಮ್‌ನವರು ನ್ಯೂಜಿಲೆಂಡಿಗೆ ಹೋಗಿದ್ರಲ್ಲ, ಆ ಟೂರ್ ಬಗ್ಗೆ ಒಂದು ಪುಟ ಬರೆದಿದ್ದೆ. ಟೆಸ್ಟೇ ಇಲ್ಲದ ಟೂರ್ ಅದು, ಬರೀ ಬಿಳಿ ಚೆಂಡು, ಒನ್‌ಡೇ 4-1 ಗೆದ್ವಿ, ಟಿ20 1-2 ಸೋತ್ವಿ. ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬರುತ್ತೆ ಅಂದ್ಕೊಂಡಿರಲಿಲ್ಲ. ಬೈದು ಬರೆದಿರೋದನ್ನೂ ಸೇರಿಸಿ ಕೆಲವಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ: ನೇಪಿಯರ್‌ನಲ್ಲಿ ಬಿಸಿಲು ಜಾಸ್ತಿಯಾಗಿ ಮ್ಯಾಚ್ ನಿಲ್ಸಿದ್ರು ಅಂತ ಬರೆದಿದ್ದೀರಿ. ಮಳೆಗೆ ನಿಲ್ಲೋದು ಗೊತ್ತು, ಬಿಸಿಲಿಗೆ ಯಾರಾದ್ರೂ ನಿಲ್ಲಿಸ್ತಾರಾ ಸರ್? ತಮಾಷೆ ತಾನೇ?

ತಮಾಷೆ ಅಲ್ಲ ಸ್ವಾಮಿ, ನಿಜವಾಗ್ಲೂ ನಡೆದಿದ್ದು. ಆದ್ರೆ "ಬಿಸಿಲು ಜಾಸ್ತಿಯಾಗಿ" ಅಂತ ನಾನು ಬರೆದಿದ್ದೇ ತಪ್ಪು, ಸೆಕೆಗೂ ಅದಕ್ಕೂ ಸಂಬಂಧ ಇಲ್ಲ, ಸೂರ್ಯ ಕಣ್ಣಿಗೆ ಹೊಡೀತಿದ್ದ ಅಷ್ಟೇ. ಜನವರಿ 23, ಮೊದಲನೇ ಒನ್‌ಡೇ. ಶಮಿ 3, ಕುಲದೀಪ್ 4 ವಿಕೆಟ್ ಕಿತ್ತು ಅವರನ್ನ 157ಕ್ಕೆ ಮುಗಿಸಿದ್ರು. ನಾವು 10 ಓವರಿಗೆ 1 ವಿಕೆಟಿಗೆ 44. ಧವನ್ ಸ್ಟ್ರೈಕಲ್ಲಿ ನಿಂತು ಚೆಂಡೇ ಕಾಣ್ತಿಲ್ಲ ಅಂದ, ಅಂಪೈರ್‌ಗಳೂ ನೋಡಿದ್ರು, ಎಲ್ರೂ ಒಳಗೆ ಹೋದ್ರು. ಆಕಾಶದಲ್ಲಿ ಒಂದು ಮೋಡ ಇಲ್ಲ, ಪಿಚ್ ಒಣಗಿ ಕೂತಿದೆ, ಫ್ಲಡ್‌ಲೈಟ್ ಇದೆ, ಜನ ಇದಾರೆ, ಆಟ ಮಾತ್ರ ಇಲ್ಲ!

ಕಾರಣ ಏನಪ್ಪಾ ಅಂದ್ರೆ, ಕ್ರಿಕೆಟ್ ಪಿಚ್ಚನ್ನ ಸಾಮಾನ್ಯವಾಗಿ ಉತ್ತರ-ದಕ್ಷಿಣ ಹಾಕ್ತಾರೆ, ಆಗ ಸೂರ್ಯ ಹುಟ್ಟಿದ್ರೂ ಮುಳುಗಿದ್ರೂ ಸೈಡಲ್ಲಿ ಇರ್ತಾನೆ. ನೇಪಿಯರ್‌ನ ಮೆಕ್ಲೀನ್ ಪಾರ್ಕಲ್ಲಿ ಪಿಚ್ ಪೂರ್ವ-ಪಶ್ಚಿಮ ಇದೆ. ರಗ್ಬಿನೂ ಆಡೋ ಗ್ರೌಂಡ್ ಅದು. ಅಲ್ಲಿ ಬೇಸಿಗೇಲಿ ರಾತ್ರಿ ಎಂಟು ಗಂಟೆ ದಾಟಿದ್ರೂ ಸೂರ್ಯ ಮುಳುಗಲ್ಲ, ಹಾಗಾಗಿ ಡೇ-ನೈಟ್ ಮ್ಯಾಚಲ್ಲಿ ಎರಡನೇ ಇನ್ನಿಂಗ್ಸ್ ಶುರುವಾಗಿ ಸ್ವಲ್ಪ ಹೊತ್ತಿಗೆ ಸರಿಯಾಗಿ ಬೌಲರ್ ತಲೆ ಹಿಂದೆ ಬಂದು ನಿಲ್ತಾನೆ. ಸಂಜೆ ಹೊತ್ತು ಪಶ್ಚಿಮಕ್ಕೆ ಮುಖ ಮಾಡಿ ಗಾಡಿ ಓಡಿಸಿದವರಿಗೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ. ಆ ಬೆಳಕಿನೊಳಗಿಂದ ಅವರ ಫಾಸ್ಟ್ ಬೌಲರ್ ಫರ್ಗ್ಯುಸನ್ ಅಂಥವನು ಗಂಟೆಗೆ 145 ಕಿ.ಮೀ. ವೇಗದಲ್ಲಿ ಎಸೆದ್ರೆ ಕಥೆ ಏನು? ಅಂಪೈರ್ ಮಾಡಿದ್ದೇ ಸರಿ ಅಂತ ನನ್ನ ಲೆಕ್ಕ.

ಪ್ರಶ್ನೆ: ಅದೇ ಮ್ಯಾಚಲ್ಲಿ 50 ಓವರ್ 49 ಆಯ್ತು, ಟಾರ್ಗೆಟ್ 158 ಇದ್ದಿದ್ದು 156 ಆಯ್ತು. ಯಾಕೆ 2 ರನ್ ಮಾತ್ರ? ಸರಾಸರಿ ನೋಡಿದ್ರೆ 3 ಕಮ್ಮಿ ಆಗ್ಬೇಕಲ್ವಾ?

ಒಳ್ಳೇ ಪ್ರಶ್ನೆ. 157ನ್ನ 50ರಿಂದ ಭಾಗಿಸಿದ್ರೆ ಓವರಿಗೆ 3 ಚಿಲ್ಲರೆ, ಸರಿ. ಆದ್ರೆ ಆಟ ನಿಂತು ಓವರ್ ಕಮ್ಮಿಯಾದಾಗ ಹೊಸ ಟಾರ್ಗೆಟ್ ಹಾಕೋ ಡಕ್ವರ್ತ್-ಲೂಯಿಸ್-ಸ್ಟರ್ನ್ ಲೆಕ್ಕ ಸರಾಸರಿ ನೋಡಲ್ಲ, ಟೀಮ್ ಹತ್ರ ಉಳಿದಿರೋ ಬಂಡವಾಳ ನೋಡುತ್ತೆ, ಅಂದ್ರೆ ಓವರೂ ವಿಕೆಟ್ಟೂ ಸೇರಿಸಿ. ನಮ್ಮ ಹತ್ರ ಆಗ 40 ಓವರ್, 9 ವಿಕೆಟ್ ಇತ್ತು. ಅಷ್ಟು ಇಟ್ಕೊಂಡಿರೋನಿಗೆ ಒಂದು ಓವರ್ ಕಳೆದ್ರೆ ದೊಡ್ಡ ನಷ್ಟ ಅಲ್ಲ, ಉಳಿದ 39ರಲ್ಲಿ ಸ್ವಲ್ಪ ಜೋರಾಗಿ ಹೊಡೆದು ಸರಿದೂಗಿಸ್ಬಹುದು. ಅದಕ್ಕೇ ಪೂರ್ತಿ 3 ರನ್ ಬಿಟ್ಟು ಕೊಡಲ್ಲ. ನಾವು 34.5 ಓವರಲ್ಲೇ 156 ಹೊಡೆದು 8 ವಿಕೆಟಿಂದ ಗೆದ್ವಿ, ಧವನ್ 75 ನಾಟೌಟ್, ಆ 2 ರನ್ ಲೆಕ್ಕ ಯಾರಿಗೂ ಬೇಕಾಗ್ಲಿಲ್ಲ ಬಿಡಿ.

ಪ್ರಶ್ನೆ: ಹ್ಯಾಮಿಲ್ಟನ್‌ನಲ್ಲಿ 92ಕ್ಕೆ ಆಲೌಟ್. ಕೊಹ್ಲಿ ಇರ್ಲಿಲ್ಲ ಅದಕ್ಕೇ ಹಾಗಾಯ್ತು ಅಂತ ನಮ್ಮ ಮನೇಲಿ ಈಗ್ಲೂ ಜಗಳ. ನಿಮ್ಮ ತೀರ್ಪು?

ಮನೆ ಜಗಳಕ್ಕೆ ನನ್ನನ್ನ ಎಳೀಬೇಡಿ! ಆದ್ರೂ ಕೇಳಿದ್ರಿ ಅಂತ ಹೇಳ್ತೀನಿ. ಮೂರು ಮ್ಯಾಚ್ ಗೆದ್ದು ಸರಣಿ ಕೈಗೆ ಬಂದಿತ್ತು, ಕೊಹ್ಲಿಗೆ ರೆಸ್ಟ್ ಕೊಟ್ರು, ರೋಹಿತ್ ಕ್ಯಾಪ್ಟನ್, ಅವನಿಗದು 200ನೇ ಒನ್‌ಡೇ. ಹೊಸ ಹುಡುಗ ಶುಭ್‌ಮನ್ ಗಿಲ್ ಮೊದಲ ಸಲ ಆಡ್ದ. ಅವತ್ತು ಅವರ ಬೌಲರ್ ಬೌಲ್ಟ್ ಚೆಂಡು ಎರಡೂ ಕಡೆ ತಿರುಗಿಸ್ತಿದ್ದ, 10 ಓವರ್, 4 ಮೇಡನ್ (ಒಂದು ರನ್ನೂ ಕೊಡದ ಓವರ್), 21 ರನ್, 5 ವಿಕೆಟ್. ರೋಹಿತ್, ಗಿಲ್ ಇಬ್ರೂ ಅವನ ಕೈಗೇ ವಾಪಸ್ ಕ್ಯಾಚ್ ಕೊಟ್ರು, ಇದನ್ನ ಗಮನಿಸಿ, ಚೆಂಡು ಅಂದ್ಕೊಂಡಿದ್ದಕ್ಕಿಂತ ಲೇಟಾಗಿ ಬ್ಯಾಟಿಗೆ ಬರ್ತಿತ್ತು, ಇವ್ರು ಶಾಟ್ ಮೊದ್ಲೇ ಮುಗಿಸ್ಬಿಡ್ತಿದ್ರು. ಆಚೆ ಕಡೆಯಿಂದ ಡಿ ಗ್ರಾಂಡ್‌ಹೋಮ್, ವೇಗ ಏನೂ ಇಲ್ಲ, ಸುಮ್ನೆ ಒಂದು ಜಾಗಕ್ಕೆ ಹಾಕ್ತಿದ್ದ, ರಾಯುಡು, ಕಾರ್ತಿಕ್ ಇಬ್ರೂ ಸೊನ್ನೆ. 55ಕ್ಕೆ 8 ಆದ್ಮೇಲೆ ಬಾಲಂಗೋಚಿಗಳು, ಅಂದ್ರೆ ಕೊನೇಲಿ ಬ್ಯಾಟ್ ಹಿಡಿಯೋ ಬೌಲರ್‌ಗಳು, ಎಳೆದಾಡಿ 92 ಮಾಡಿದ್ರು, ಟಾಪ್ ಸ್ಕೋರರ್ ಯಾರು ಗೊತ್ತಾ, 10ನೇ ನಂಬರಲ್ಲಿ ಬಂದ ಚಾಹಲ್, 18 ನಾಟೌಟ್. ಅವರು 14.4 ಓವರಲ್ಲಿ ಹೊಡೆದು ಮನೆಗೆ ಹೋದ್ರು, 212 ಚೆಂಡು ಬಾಕಿ.

ಕೊಹ್ಲಿ ಇದ್ದಿದ್ರೆ 92 ಆಗ್ತಿರ್ಲಿಲ್ಲ, 150 ಆಗ್ಬಹುದಿತ್ತು. ಸೋಲು ತಪ್ತಿತ್ತು ಅಂತ ನನಗನ್ಸಲ್ಲ. ನಿಮ್ಮನೇಲಿ ಇಬ್ರಿಗೂ ಅರ್ಧರ್ಧ ಮಾರ್ಕ್ಸ್.

ಪ್ರಶ್ನೆ: ಕಾರ್ತಿಕ್ ಆ ಸಿಂಗಲ್ ತಗೊಂಡಿದ್ರೆ ಟಿ20 ಸರಣಿ ನಮ್ಮದಾಗ್ತಿತ್ತು. ನೀವು ಅವನನ್ನ ವಹಿಸ್ಕೊಂಡು ಬರೆದಿದ್ದು ಸರಿ ಇಲ್ಲ.

ವಹಿಸ್ಕೊಂಡಿಲ್ಲ, ಪೂರ್ತಿ ಕಥೆ ಹೇಳಿದೆ. ಫೆಬ್ರವರಿ 10, ಅದೇ ಹ್ಯಾಮಿಲ್ಟನ್, ಸರಣಿ 1-1. ಅವರು 212 ಹೊಡೆದಿದ್ರು. ನಮಗೆ ಕೊನೇ ಓವರಲ್ಲಿ 16 ಬೇಕು, ಅವರ ಟಿಮ್ ಸೌದಿ ಬೌಲಿಂಗ್. ಮೊದಲ ಚೆಂಡಿಗೆ 2, ಎರಡನೇದು ಡಾಟ್, ಮೂರನೇದನ್ನ ಹೊಡೆದು ಕಾರ್ತಿಕ್ ನಿಂತ್ಕೊಂಡ, ಕೃನಾಲ್ ಓಡಿ ಬಂದವನನ್ನ ವಾಪಸ್ ಕಳಿಸ್ದ. 3 ಚೆಂಡಿಗೆ 14. ಕೊನೇ ಚೆಂಡಿಗೆ ಸಿಕ್ಸರ್ ಹೊಡೆದ್ರೂ 4 ರನ್ ಕಮ್ಮಿ ಬಿತ್ತು.

ನನ್ನ ತಕರಾರು ಇಷ್ಟೇ, ಕೃನಾಲ್ ಆಗ ಬಾಲಂಗೋಚಿ ಥರ ಆಡ್ತಿರ್ಲಿಲ್ಲ, 13 ಬಾಲಿಗೆ 26 ಹೊಡೆದವನು, ಅವನನ್ನ ನಂಬ್ಬೇಕಿತ್ತು. ಅಷ್ಟು ಮಟ್ಟಿಗೆ ನೀವು ಹೇಳೋದು ಒಪ್ತೀನಿ. ಆದ್ರೆ 145ಕ್ಕೆ 6 ಹೋಗಿದ್ದ ಮ್ಯಾಚನ್ನ 63 ರನ್ ಸೇರಿಸಿ ಅಲ್ಲಿವರೆಗೆ ತಂದಿದ್ದೂ ಇವರಿಬ್ರೇ ಅಲ್ವಾ, ಒಂದು ರನ್ ಬಿಟ್ಟಿದ್ದಕ್ಕೆ ಪೂರ್ತಿ ಗೂಬೆ ಅವನ ತಲೆಗೆ ಕೂರಿಸೋದು ಬೇಡ. ಮೊದಲ ಟಿ20 80 ರನ್ನಿಂದ ಸೋತಾಗ ಯಾರ ಸಿಂಗಲ್ ಕಾರಣ?

ಇನ್ನೊಂದು, ಇದನ್ನ ಯಾರೂ ಕೇಳ್ಲಿಲ್ಲ, ನಾನೇ ಹೇಳ್ತೀನಿ: ಅವತ್ತೇ ಅದೇ ಗ್ರೌಂಡಲ್ಲಿ ಮಧ್ಯಾಹ್ನ ನಮ್ಮ ಹೆಣ್ಮಕ್ಕಳ ಟಿ20 ಇತ್ತು, ಸ್ಮೃತಿ ಮಂಧಾನ 86 ಹೊಡೆದ್ಲು, 2 ರನ್ನಿಂದ ಸೋತ್ರು. ಒಂದೇ ದಿನ, ಒಂದೇ ಅಂಗಳ, ಎರಡು ಟೀಮ್ ಸೇರಿ 6 ರನ್. ಅವರ ಸೋಲಿಗೆ ಒಂದು ಪತ್ರನೂ ಬಂದಿಲ್ಲ ನನಗೆ.

ಪ್ರಶ್ನೆ: ಮರುವರ್ಷ ಅಲ್ಲೇ ಟಿ20 5-0 ಗೆದ್ದು ಒನ್‌ಡೇ 0-3 ಸೋತ್ರು. ಹತ್ತು ದಿನದಲ್ಲಿ ಟೀಮ್ ಹಾಳಾಗೋದು ಹೇಗೆ?

ಹಾಳಾಗ್ಲಿಲ್ಲ. 5-0 ಅನ್ನೋದೇ ಸ್ವಲ್ಪ ಮೋಸದ ಅಂಕಿ, ಅದರಲ್ಲಿ ಎರಡು ಮ್ಯಾಚ್ ಟೈ ಆಗಿ ಸೂಪರ್ ಓವರಲ್ಲಿ, ಅಂದ್ರೆ ತಲಾ ಒಂದೊಂದು ಓವರ್ ಆಡಿಸಿ, ಗೆದ್ದಿದ್ದು. ಹ್ಯಾಮಿಲ್ಟನ್‌ನಲ್ಲಿ ರೋಹಿತ್ ಕೊನೇ 2 ಬಾಲಿಗೆ 2 ಸಿಕ್ಸರ್ ಹೊಡೀದೇ ಇದ್ದಿದ್ರೆ ಏನಾಗ್ತಿತ್ತು? ಆಮೇಲೆ ರೋಹಿತ್ ಕಾಲಿಗೆ ಪೆಟ್ಟಾಗಿ ಒನ್‌ಡೇಗೆ ಇರ್ಲಿಲ್ಲ, ಬುಮ್ರಾಗೆ ಮೂರು ಮ್ಯಾಚ್ ಸೇರಿ ಒಂದು ವಿಕೆಟ್ ಇಲ್ಲ, ಮೊದಲ ಒನ್‌ಡೇಲಿ ನಾವು 347 ಹೊಡೆದ್ರೂ ಅವರ ಟೇಲರ್ 109 ಹೊಡೆದು ಮುಗಿಸ್ಬಿಟ್ಟ. ನಮ್ಮ ರಾಹುಲ್ ಮಾತ್ರ ಕೀಪಿಂಗೂ ಮಾಡ್ಕೊಂಡು 5ನೇ ನಂಬರಲ್ಲಿ ಬಂದು ಒಂದು ಮ್ಯಾಚಲ್ಲಿ 88 ನಾಟೌಟ್, ಇನ್ನೊಂದ್ರಲ್ಲಿ 112.

ಪ್ರಶ್ನೆ: ಅಲ್ಲಿನ ಮ್ಯಾಚ್ ಯಾಕೆ ನಮಗೆ ಬೆಳಗ್ಗೆ ಬೆಳಗ್ಗೆ ಬರುತ್ತೆ?

ಅವರು ಬೇಸಿಗೇಲಿ ನಮಗಿಂತ ಏಳೂವರೆ ಗಂಟೆ ಮುಂದೆ. ಅಲ್ಲಿ ಮಧ್ಯಾಹ್ನ 3ಕ್ಕೆ ಟಾಸ್ ಮುಗಿದು ಮೊದಲ ಚೆಂಡು ಬಿದ್ರೆ ಇಲ್ಲಿ ಬೆಳಗ್ಗೆ 7.30. ರಜೆ ಹಾಕೋ ವಿಷಯ ನಿಮಗೆ ಬಿಟ್ಟಿದ್ದು.

ಪ್ರಶ್ನೆ: 2019ರ ಟೂರಲ್ಲಿ ಒಂದೇ ಒಂದು ಮ್ಯಾಚ್ ಮತ್ತೆ ನೋಡು ಅಂದ್ರೆ ಯಾವುದು ನೋಡ್ಲಿ?

ಯೋಚನೆನೇ ಬೇಡ, ಫೆಬ್ರವರಿ 3, ವೆಲ್ಲಿಂಗ್ಟನ್, ಐದನೇ ಒನ್‌ಡೇ. 92ರ ಗಾಯ ಇನ್ನೂ ಹಸಿ ಇದ್ದಾಗ್ಲೇ ಮತ್ತೆ 18ಕ್ಕೆ 4. ಅಲ್ಲಿಂದ ರಾಯುಡು 90, ವಿಜಯ್ ಶಂಕರ್ 45, ಕೊನೇಲಿ ಹಾರ್ದಿಕ್ 22 ಬಾಲಿಗೆ 45, ಹೆಂಗೋ 252. ಅವರು 217ಕ್ಕೆ ಆಲೌಟ್.

ಅದ್ರಲ್ಲಿ ಅವರ ಬ್ಯಾಟ್ಸ್‌ಮನ್ ನೀಶಮ್ ರನೌಟ್ ಮಾತ್ರ ಎರಡೆರಡು ಸಲ ನೋಡಿ. 44 ಹೊಡೆದು ಮ್ಯಾಚ್ ಕಿತ್ಕೊಂಡು ಹೋಗ್ತಿದ್ದ. ಕೇದಾರ್ ಜಾಧವ್ ಚೆಂಡು ಪ್ಯಾಡಿಗೆ ಬಡೀತು, ಎಲ್ರೂ ಅಂಪೈರ್ ಕಡೆ ತಿರುಗಿ ಎಲ್‌ಬಿ ಅಂತ ಕೂಗ್ತಿದಾರೆ, ನೀಶಮ್ ಒಂದು ರನ್ ಸಿಗುತ್ತಾ ಅಂತ ಕ್ರೀಸಿಂದ ಆಚೆ ಬಂದ. ಅಪೀಲ್ ಮಾಡಿದ ಮಾತ್ರಕ್ಕೆ ಚೆಂಡು ಡೆಡ್ ಆಗಲ್ಲ, ಅಂದ್ರೆ ಆಟ ನಿಲ್ಲಲ್ಲ, ಇದು ರೂಲು, ಆದ್ರೆ ಆ ಗದ್ದಲದಲ್ಲಿ ಅದು ನೆನಪಿದ್ದಿದ್ದು ಒಬ್ಬನಿಗೇ. ಧೋನಿ ಕೂಗ್ತಾ ಕೂಗ್ತಾನೇ ಚೆಂಡು ಹಿಡಿದು ಸ್ಟಂಪಿಗೆ ಎಸೆದ. ಬೇಲ್ಸ್ ಬಿದ್ಮೇಲೆ ನೀಶಮ್ ಮುಖ ನೋಡಿ, ಎಲ್‌ಬಿನೋ ರನೌಟೋ ಅಂತ ಅವನಿಗೇ ಇನ್ನೂ ಗೊತ್ತಾಗಿರಲ್ಲ.