ಲೈನ್ ಮನೆಯವರ ವಸತಿ ಅರ್ಜಿ ವಾಪಸ್ ಬರುತ್ತಿದ್ದರೆ

ಕೊಡಗಿನ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರಿಗೆಂದು ಮಾಲೀಕರು ಕಟ್ಟಿಸಿದ ಸಾಲು ಮನೆಗಳಲ್ಲಿ, ಇರುವ ಕುಟುಂಬಗಳಿಗೆ ನಿಮ್ಮ ತಂಡ ಹಾಕಿಸಿದ ಹನ್ನೆರಡು ಸರ್ಕಾರಿ ವಸತಿ ಅರ್ಜಿಗಳೂ ಪಂಚಾಯಿತಿಯಿಂದ ವಾಪಸ್ ಬಂದವು, ಕಾರಣವೇನು ಎಂದು ಕೇಳಿದ್ದೀರಿ. ಕಾರಣ ಬಹುಶಃ ಆದಾಯ ಪ್ರಮಾಣಪತ್ರವಲ್ಲ, ನಿವೇಶನ. ಲೈನ್ ಮನೆ ನಿಂತಿರುವುದು ತೋಟದ ಮಾಲೀಕರ ಜಾಗದಲ್ಲಿ. ಕುಟುಂಬದ ಹೆಸರಿನಲ್ಲಿ ಜಾಗವಿಲ್ಲದೆ ಮನೆ ಕಟ್ಟಲು ಅನುದಾನ ಸಿಗುವುದು ಕಷ್ಟ.

ಮೊದಲು ಈ ಕುಟುಂಬಗಳನ್ನು ವಸತಿರಹಿತರ (ಜಾಗವಿದ್ದೂ ಮನೆಯಿಲ್ಲದವರ) ಪಟ್ಟಿಯಲ್ಲಲ್ಲ, ನಿವೇಶನರಹಿತರ (ಜಾಗವೇ ಇಲ್ಲದವರ) ಪಟ್ಟಿಯಲ್ಲಿ ಸೇರಿಸಿ. ಅದು ಗ್ರಾಮಸಭೆಯಲ್ಲೇ ಆಗಲಿ, ನಡಾವಳಿಯ ನಕಲನ್ನು ಕೇಳಿ ಪಡೆಯಿರಿ. ಬಾಯಿಮಾತು ನಂಬಿ ನಾವು ಒಂದು ವರ್ಷ ಕಳೆದುಕೊಂಡೆವು. ನಂತರ ಹತ್ತಿರದ ಪೈಸಾರಿ (ಸರ್ಕಾರಿ) ಜಾಗದ ಸರ್ವೆ ನಂಬರ್ ಹುಡುಕಿ, ನಿವೇಶನಕ್ಕೆ ಕಾಯ್ದಿರಿಸುವಂತೆ ತಹಶೀಲ್ದಾರರಿಗೆ ಬರೆಯಿರಿ. ಆ ಜಾಗ ಅರಣ್ಯವೆಂದು ದಾಖಲಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ನಮ್ಮ ಕಡತ ಮುಗ್ಗರಿಸಿದ್ದು ಅಲ್ಲಿಯೇ. ಬರೆಯ, ಅಂದರೆ ಕಡಿದಾದ ಗುಡ್ಡದಂಚಿನ, ಬುಡದ ಜಾಗವನ್ನು ಪುಕ್ಕಟೆ ಕೊಟ್ಟರೂ ಒಪ್ಪಬೇಡಿ, ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಮಳೆಗಾಲವನ್ನು ಕಂಡವರಿಗೆ ಬೇರೆ ಹೇಳಬೇಕಿಲ್ಲ.

ಹಕ್ಕುಪತ್ರ, ಇ-ಸ್ವತ್ತು (ಪಂಚಾಯಿತಿಯ ಗಣಕೀಕೃತ ಆಸ್ತಿ ದಾಖಲೆ) ಕೈಸೇರಿದ ಮೇಲೆ ವಸತಿ ಅರ್ಜಿ. ಅನುದಾನ ಪಾಯ, ಗೋಡೆ, ಸೂರು ಎಂದು ಹಂತ ಹಂತವಾಗಿ, ಫೋಟೋ ಏರಿಸಿದ ಮೇಲೆ ಬರುತ್ತದೆ. ಹಾಗಾಗಿ ಮೊದಲು ಕೈಯಿಂದ ಹಣ ಹಾಕಬೇಕಾದ ದಿನಗೂಲಿಯವರು ಸೋಲುವುದು ಪಾಯದಲ್ಲೇ. ನೀವು ಸಂಗ್ರಹಿಸಿದ ಹಣವನ್ನು ಹೆಂಚಿಗಲ್ಲ, ಕಲ್ಲು, ಸಿಮೆಂಟಿಗೆ ಮುಂಗಡವಾಗಿ ಕೊಡಿ. ಆದರೆ ಹಕ್ಕುಪತ್ರ ಏಪ್ರಿಲ್‌ನಲ್ಲಿ ಬಂದರೆ ಕೂಡಲೇ ಪಾಯ ಅಗೆಯಬೇಡಿ, ಮಳೆ ಮುಗಿಯಲಿ.